ಹಲ್ಲಿನ ಲೆಕ್ಕ, ಚೈನಿನ ಅಳತೆ

ಗೇರ್ ಸೈಕಲ್ ಮನೆಗೆ ಬಂದು ಆರು ತಿಂಗಳಾಗುವಷ್ಟರಲ್ಲಿ ನಮ್ಮ ಕಡೆ ಒಂದು ಮಾತು ಬಂದೇ ಬರುತ್ತೆ. "ಹಿಂದ್ಗಡೆ ಇನ್ನೂ ಸ್ವಲ್ಪ ದೊಡ್ಡದು ಹಾಕಿಸ್ಬೇಕು, ಏರು ಹತ್ತಾಕೆ ಆಗ್ತಿಲ್ಲ." ಹಿಂದ್ಗಡೆ ದೊಡ್ಡದು ಅಂದ್ರೆ ಹಿಂದಿನ ಚಕ್ರದ ನಡುವೆ ಒಂದರ ಪಕ್ಕ ಒಂದು ಜೋಡಿಸಿರೋ ಹಲ್ಲಿನ ಬಿಲ್ಲೆಗಳ ಗೊಂಚಲು. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಅದು ಫ್ರೀವೀಲ್, ತಿರುಪಿನ ಮೇಲೆ ಕೂತಿರುತ್ತೆ. ದುಬಾರಿ ಸೈಕಲ್‌ಗಳಲ್ಲಿ ಕ್ಯಾಸೆಟ್, ಜಾರಿಸಿ ಕೂರಿಸಿರ್ತಾರೆ. ಇವತ್ತಿನ ಲೆಕ್ಕಕ್ಕೆ ಎರಡೂ ಒಂದೇ.

ಆಸೆಯೇನೂ ತಪ್ಪಲ್ಲ. ಚಿತ್ರದುರ್ಗ ಅಂದ್ರೆ ಹೊರಗಿನವರಿಗೆ ಬಯಲುಸೀಮೆ, ಚಪ್ಪಟೆ ನೆಲ. ಜೋಗಿಮಟ್ಟಿ ಕಡೆ ಒಂದು ಸಲ ಪೆಡಲ್ ತುಳಿದು ನೋಡಲಿ, ಬಯಲೋ ಗುಡ್ಡವೋ ಗೊತ್ತಾಗುತ್ತೆ. (ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳ್ಕೊಂಡು ಹೋಗಿ.) ಗುಡ್ಡ ಇಲ್ಲದ ಕಡೆ ಗಾಳಿ ಇದೆ. ಹೊಸದುರ್ಗದ ಸುತ್ತಮುತ್ತ ಅಷ್ಟು ಗಾಳಿಯಂತ್ರಗಳು ನಿಂತಿರೋದು ಸುಮ್ನೆ ಅಲ್ಲ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತೆ. ಹಿರಿಯೂರಿನಿಂದ ಹೊಸದುರ್ಗಕ್ಕೆ, ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗೋರಿಗೆಲ್ಲ ಅದು ಎದುರು ಗಾಳಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಹಿರಿಯೂರಿನಿಂದ ಸೈಕಲ್ ಮೇಲೆ ಹೋಗಿ ನೋಡಿ ಬಂದವರನ್ನ ಕೇಳಿ. ಹೋಗೋವಾಗಿನ ಕಥೆಯೇ ಬೇರೆ, ಬರೋವಾಗಿನ ಕಥೆಯೇ ಬೇರೆ.

ತೊಂದರೆ ಆಸೆಯದಲ್ಲ, ಅದನ್ನ ತೀರಿಸಿಕೊಳ್ಳೋ ರೀತಿಯದು. ಅಂಗಡಿಗೆ ಹೋಗ್ತೀವಿ, ದೊಡ್ಡ ಫ್ರೀವೀಲ್ ಕೇಳ್ತೀವಿ, ಅವರು ಹಳೇದು ಬಿಚ್ಚಿ ಹೊಸದು ತಿರುಗಿಸ್ತಾರೆ, ದುಡ್ಡು ಕೊಟ್ಟು ಬರ್ತೀವಿ. ಚೈನನ್ನಾಗಲಿ, ಕೆಳಗೆ ನೇತಾಡೋ ಡಿರೇಲರನ್ನಾಗಲಿ ಯಾರೂ ಮಾತಾಡಿಸೋದಿಲ್ಲ. ಆಫೀಸಿನಲ್ಲಿ ಒಂದು ಲೈಬ್ರರಿಯ ವರ್ಷನ್ ಮಾತ್ರ ಏರಿಸಿ ಉಳಿದದ್ದನ್ನ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ನನ್ನ ಕಸುಬಿನವರಿಗೆಲ್ಲ ಗೊತ್ತು. ಅಲ್ಲಿ ಕೆಂಪು ಗೆರೆ ಬರೋದು ಸ್ಕ್ರೀನ್ ಮೇಲೆ. ಇಲ್ಲಿ ಮೊಣಕೈ ಮೇಲೆ.

ಮೊಣಕೈ ನಮ್ಮ ಅಕ್ಕನ ಮಗನದು. ಹೊಸದುರ್ಗದಲ್ಲಿ ಸೆಕೆಂಡ್ ಪಿಯುಸಿ ಓದ್ತಾನೆ. ಊರು ಹೊಳಲ್ಕೆರೆ ರಸ್ತೆಯಿಂದ ಒಳಗೆ, ಕಾಲೇಜಿಗೆ ಹನ್ನೊಂದು ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವನ ತಂಗಿಗೆ ಬಸ್ಸು ಪುಕ್ಕಟೆ. ಇವನಿಗೆ ಟಿಕೆಟ್ಟೂ ಬೇಕು, ನಿಲ್ಲೋಕೆ ಜಾಗವೂ ಇಲ್ಲ ಅಂತ ಗೊಣಗಿ ಗೊಣಗಿ ಸೆಕೆಂಡ್ ಹ್ಯಾಂಡ್ ಸೈಕಲ್ ಒಂದನ್ನ ತಗೊಂಡಿದ್ದ. ಮುಂದೆ ಮೂರು, ಹಿಂದೆ ಏಳು, ಇಪ್ಪತ್ತೊಂದು ಗೇರು. ಏರು ಹತ್ತೋಕೆ ಆಗಲ್ಲ ಅಂತ ಒಂದು ಅಂಗಡಿಯಲ್ಲಿ ಹಿಂದಿನ ಫ್ರೀವೀಲ್ ಬದಲಾಯಿಸಿಕೊಂಡು ಬಂದ. ಮೊದಲು ಇದ್ದದ್ದು 14ರಿಂದ 28 ಹಲ್ಲಿನದು, ಈಗ 14ರಿಂದ 34. ನಾಲ್ಕನೇ ದಿನ ಬೆಳಿಗ್ಗೆ ಎದುರು ಗಾಳಿ, ಹಳ್ಳದ ಸೇತುವೆ ದಾಟಿದ ತಕ್ಷಣ ಏರು. ಹಿಂದಿನ ಗೇರನ್ನ ಅತಿ ದೊಡ್ಡ ಬಿಲ್ಲೆಗೆ ನೂಕಿದ. ಟಪ್ ಅಂತ ಶಬ್ದ ಬಂತಂತೆ, ಅಷ್ಟೇ. ಡಿರೇಲರ್ ಬುಡದ ಸಮೇತ ತಿರುಚಿಕೊಂಡು ಕಡ್ಡಿಗಳ ಒಳಗೆ ಹೋಗಿ ಕೂತಿತ್ತು, ಮೂರು ಕಡ್ಡಿ ತುಂಡು. ಚಕ್ರ ನಿಂತೇ ಹೋಯ್ತು, ಹುಡುಗ ಎಡಕ್ಕೆ ಮಣ್ಣಿಗೆ ಬಿದ್ದ. ಬಲಕ್ಕೆ ಬಿದ್ದಿದ್ದರೆ ಹಿಂದೆ ಬರ್ತಿದ್ದದ್ದು ಟಿಪ್ಪರ್.

ಸಂಜೆ ಅಕ್ಕನ ಫೋನು. "ಆ ಗೇರ್ ಸೈಕಲ್ ಸಹವಾಸವೇ ಬ್ಯಾಡ. ಮಾರಿಬಿಡ್ಲಿ. ನಿಮ್ಮ ಭಾವ ಬೈಕ್ ಕೊಡ್ತೀನಿ ಅಂತಿದಾರೆ." ಹುಡುಗನಿಗೆ ಹದಿನೇಳು. ಲೈಸೆನ್ಸ್ ಇಲ್ಲ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಪ್ರಕಾರ ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಭಾವನಿಗೆ ಅದನ್ನ ಹೇಳಿದರೆ "ನಮ್ಮೂರಾಗೆ ಯಾರು ಹಿಡೀತಾರೆ" ಅಂದ್ರು. ಇನ್ನು ವಾದ ಮಾಡೋದಕ್ಕಿಂತ ಸೈಕಲ್ ಸರಿ ಮಾಡಿಸೋದೇ ವಾಸಿ ಅಂತ ಶನಿವಾರ ಅದನ್ನ ಗೂಡ್ಸ್ ಆಟೋದಲ್ಲಿ ಹಾಕಿಸ್ಕೊಂಡು ದುರ್ಗಕ್ಕೆ ತಂದೆವು.

ದುರ್ಗದಲ್ಲಿ ನನಗೆ ಗೊತ್ತಿರೋ ಮೇಸ್ತ್ರಿಗೆ ಅರವತ್ತು ದಾಟಿದೆ. ಕೈ ಪಳಗಿದ್ದು ಕರಿ ಸೈಕಲ್‌ಗಳ ಮೇಲೆ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ಎಷ್ಟು ಸೈಕಲ್ ಬಿಗಿ ಮಾಡಿದಾರೋ ಅವರಿಗೇ ಲೆಕ್ಕ ಇಲ್ಲ. ಗೇರ್ ಸೈಕಲ್ ಅಂದ್ರೆ ಮೊದಮೊದಲು ಮುಖ ಸಿಂಡರಿಸ್ತಿದ್ದರು. ಈಗ ಅವರೇ ನನಗೆ ಪಾಠ ಹೇಳ್ತಾರೆ. ಸೈಕಲ್ ನೋಡಿದವರೇ ಹುಡುಗನನ್ನ ಕೇಳಿದ್ದು ಒಂದೇ ಮಾತು: "ಮರಿ, ಹಲ್ಲು ಎಣಿಸಿದ್ರಾ ಹಾಕೋವಾಗ?"

"ಇಲ್ಲ ಅಜ್ಜಾ."

"ಮತ್ತೆ?"

ಕರಿ ಸೈಕಲ್‌ನಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರ ಇತ್ತು ಅಂತ ಅವರೇ ವಿವರಿಸಿದರು. ಹಾಲಿನ ಕ್ಯಾನ್ ಹೊರೋರು ಬಂದು ದೊಡ್ಡ ಫ್ರೀವೀಲ್ ಹಾಕಿಸಿಕೊಳ್ತಿದ್ದರು, ತುಳಿಯೋದು ಹಗುರ ಆಗಲಿ ಅಂತ. ಚೈನು ಬಿಗಿಯಾದರೆ ಹಿಂದಿನ ನಟ್ ಸಡಿಲಿಸಿ ಚಕ್ರ ಒಂದಿಷ್ಟು ಮುಂದಕ್ಕೆ, ಸಡಿಲಾದರೆ ಹಿಂದಕ್ಕೆ ಎಳೆದು ಟೈಟ್ ಮಾಡಿದರೆ ಮುಗೀತು. ಗೇರ್ ಸೈಕಲ್‌ನಲ್ಲಿ ಚಕ್ರ ಹಾಗೆ ಎಳೆಯೋ ಹಾಗಿಲ್ಲ, ಯಾಕಂದ್ರೆ ಒಂದೊಂದು ಗೇರಿಗೂ ಚೈನಿನ ಬಿಗಿ ಬೇರೆ. ಆ ಎಳೆಯೋ ಕೆಲಸವನ್ನೇ ಕೆಳಗೆ ನೇತಾಡೋ ಡಿರೇಲರ್ ಓಡುತ್ತಿರುವಾಗಲೇ ಮಾಡ್ತಾ ಇರುತ್ತೆ. ಅದರ ಎರಡು ಪುಟ್ಟ ಗಾಲಿಗಳ ಚೌಕಟ್ಟು ಸ್ಪ್ರಿಂಗ್ ಬಲದಿಂದ ಹಿಂದೆ ಮುಂದೆ ಆಡಿ ಸಡಿಲವನ್ನ ನುಂಗಿಕೊಳ್ಳುತ್ತೆ, ಬೇಕಾದಾಗ ಬಿಡುತ್ತೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಎಲ್ಲ ಸ್ಪರ್ಧಿಗಳಿಗೂ ಡಿರೇಲರ್ ಬಳಸೋಕೆ ಬಿಟ್ಟಿದ್ದು 1937ರಲ್ಲಿ. ಅದಕ್ಕೂ ಮುಂಚೆ ಏರು ಬಂದರೆ ಸೈಕಲ್‌ನಿಂದ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ತಿದ್ದರು. ಚಕ್ರದ ಆ ಪಕ್ಕದಲ್ಲಿ ಇನ್ನೊಂದು ಅಳತೆಯ ಹಲ್ಲು ಇರ್ತಿತ್ತು. ಇದನ್ನ ಹೇಳಿದಾಗ ಮೇಸ್ತ್ರಿ ನಕ್ಕು, "ಅವ್ರೂ ನಮ್ಮಂಗೇ ಬಿಡು" ಅಂದ್ರು.

ಈಗ ಲೆಕ್ಕಕ್ಕೆ ಬರೋಣ. ಡಿರೇಲರ್‌ಗೆ ಎರಡು ಮಿತಿ ಇರುತ್ತೆ, ಎರಡನ್ನೂ ನೋಡಬೇಕು. ಒಂದು, ಅದು ತಡೆಯೋ ಅತಿ ದೊಡ್ಡ ಬಿಲ್ಲೆ ಎಷ್ಟು ಹಲ್ಲಿನದು ಅನ್ನೋದು. ಅದಕ್ಕಿಂತ ದೊಡ್ಡದು ಹಾಕಿದರೆ ಡಿರೇಲರ್‌ನ ಮೇಲಿನ ಗಾಲಿ ಬಿಲ್ಲೆಗೇ ಉಜ್ಜುತ್ತೆ. ಹುಡುಗನ ಸೈಕಲ್‌ನಲ್ಲಿದ್ದ ಹಳೇ ಡಿರೇಲರ್ 28ರವರೆಗಿನದು, ಅದರ ಮುಂದೆ 34 ತಂದು ನಿಲ್ಲಿಸಿದ್ದರು. ಎರಡನೇದು ಅದು ಒಟ್ಟು ಎಷ್ಟು ಸಡಿಲ ನುಂಗಬಲ್ಲದು ಅನ್ನೋದು. ಇದಕ್ಕೆ ಟೋಟಲ್ ಕೆಪಾಸಿಟಿ ಅಂತಾರೆ. ನಿಮ್ಮ ಸೈಕಲ್‌ಗೆ ಎಷ್ಟು ಬೇಕು ಅಂತ ಕಂಡುಹಿಡಿಯೋದು ಒಂದನೇ ಕ್ಲಾಸಿನ ಕೂಡು-ಕಳೆ. ಮುಂದಿನ ದೊಡ್ಡದರಲ್ಲಿ ಮುಂದಿನ ಚಿಕ್ಕದನ್ನ ಕಳೀರಿ. ಹಿಂದಿನ ದೊಡ್ಡದರಲ್ಲಿ ಹಿಂದಿನ ಚಿಕ್ಕದನ್ನ ಕಳೀರಿ. ಎರಡನ್ನೂ ಕೂಡಿ. ಹುಡುಗನ ಸೈಕಲ್‌ನಲ್ಲಿ ಮುಂದೆ 42, 34, 24 ಹಲ್ಲು. 42ರಲ್ಲಿ 24 ಹೋದರೆ 18. ಹಿಂದೆ ಮೊದಲು 28ರಲ್ಲಿ 14 ಹೋದರೆ 14, ಒಟ್ಟು 32. ದೊಡ್ಡ ಫ್ರೀವೀಲ್ ಹಾಕಿದ ಮೇಲೆ 34ರಲ್ಲಿ 14 ಹೋದರೆ 20, ಒಟ್ಟು 38. ಡಿರೇಲರ್ ಈ ಸಂಖ್ಯೆಗೆ ಸಮ ಇರಬೇಕು, ಇಲ್ಲಾ ಹೆಚ್ಚಿರಬೇಕು.

ಮಾಡೆಲ್ ಹೆಸರು ಡಿರೇಲರ್‌ನ ಒಳಮೈಯಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತೆ, ಬಟ್ಟೆಯಲ್ಲಿ ಒರೆಸಿ ನೋಡಿ. ಶಿಮಾನೋ ಕಂಪನಿಯ ಟೂರ್ನಿ ಟಿವೈ300 ನಮ್ಮಲ್ಲಿ ಸುಲಭವಾಗಿ ಸಿಗೋ ಅಗ್ಗದ ಡಿರೇಲರ್. ಅದರ ಮಿತಿ 34 ಹಲ್ಲು, ಒಟ್ಟು ಕೆಪಾಸಿಟಿ 43. ಅಲ್ಲಿಗೆ 38 ಆರಾಮಾಗಿ ಒಳಗೆ ಬಂತು. ಹೇಗೂ ಹಳೇ ಡಿರೇಲರ್ ಮುರಿದು ಹೋಗಿತ್ತು, ಇದನ್ನೇ ತಂದೆವು.

ಆದರೆ ಕಡ್ಡಿ ಮುರಿದದ್ದು ಡಿರೇಲರ್‌ನಿಂದ ಮಾತ್ರ ಅಲ್ಲ, ಚೈನಿನಿಂದ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅಂಗಡಿಗಳಲ್ಲಿ ಅತಿ ಹೆಚ್ಚು ಮರೆತುಹೋಗೋದು ಇದೇ.

ಸೈಕಲ್ ಚೈನಿನ ಒಂದೊಂದು ಕೊಂಡಿ ಅರ್ಧ ಇಂಚು. ಕರಿ ಸೈಕಲ್‌ಗೂ ಅಷ್ಟೇ, ಲಕ್ಷ ರೂಪಾಯಿ ಸೈಕಲ್‌ಗೂ ಅಷ್ಟೇ. ಚೈನು ಮುಂದಿನ ಬಿಲ್ಲೆಯ ಅರ್ಧ ಸುತ್ತನ್ನ, ಹಿಂದಿನ ಬಿಲ್ಲೆಯ ಅರ್ಧ ಸುತ್ತನ್ನ ತಬ್ಬಿಕೊಂಡಿರುತ್ತೆ. ಅಂದ್ರೆ ಒಂದು ಹಲ್ಲು ಹೆಚ್ಚಾದರೆ ಚೈನು ಕಾಲು ಇಂಚು ಹೆಚ್ಚು ಬೇಕು. 28ರಿಂದ 34ಕ್ಕೆ ಆರು ಹಲ್ಲು, ಹಾಗಾಗಿ ಒಂದೂವರೆ ಇಂಚು. ಪೂರ್ತಿ ಉದ್ದಕ್ಕೆ ಲೆಕ್ಕ ಹೀಗೆ: ಪೆಡಲ್ ತಿರುಗೋ ಅಚ್ಚಿನ ನಡುವಿನಿಂದ ಹಿಂದಿನ ಚಕ್ರದ ಅಚ್ಚಿನ ನಡುವಿಗೆ ಇಂಚಿನಲ್ಲಿ ಅಳೆದು ಎರಡರಷ್ಟು ಮಾಡಿ. ಅದಕ್ಕೆ ಮುಂದಿನ ದೊಡ್ಡ ಬಿಲ್ಲೆಯ ಹಲ್ಲಿನ ಕಾಲು ಭಾಗ, ಹಿಂದಿನ ದೊಡ್ಡ ಬಿಲ್ಲೆಯ ಹಲ್ಲಿನ ಕಾಲು ಭಾಗ ಸೇರಿಸಿ. ಕೊನೆಗೆ ಇನ್ನೊಂದು ಇಂಚು.

ಹುಡುಗನ ಸೈಕಲ್‌ನಲ್ಲಿ ಅಚ್ಚಿನಿಂದ ಅಚ್ಚಿಗೆ 17 ಇಂಚು. ಎರಡರಷ್ಟು 34. ಮುಂದಿನ 42ರ ಕಾಲು ಭಾಗ ಹತ್ತೂವರೆ. ಹಿಂದಿನ 28ರ ಕಾಲು ಭಾಗ 7. ಮೇಲೆ 1. ಒಟ್ಟು ಐವತ್ತೆರಡೂವರೆ. ಒಳಗಿನ ಕೊಂಡಿ ಹೊರಗಿನ ಕೊಂಡಿ ಜೋಡಿ ಜೋಡಿಯಾಗೇ ಸೇರಬೇಕಾದ್ದರಿಂದ ಚೈನು ಪೂರ್ತಿ ಇಂಚಿನಲ್ಲಿ ಮಾತ್ರ ಬರುತ್ತೆ, ಹಾಗಾಗಿ 53. ಮುರಿದ ಸೈಕಲ್‌ನ ಚೈನು ಬಿಚ್ಚಿ ಎಣಿಸಿದಾಗ ಇದ್ದದ್ದೂ ಅಷ್ಟೇ, 106 ಕೊಂಡಿ. ಹಳೇ ಫ್ರೀವೀಲ್‌ಗೆ ಸರಿಯಾಗೇ ಇತ್ತು.

ಈಗ 34 ಹಾಕಿ ನೋಡಿ. 34 ಇಂಚು, ಹತ್ತೂವರೆ, ಎಂಟೂವರೆ. ಕೂಡಿದರೆ 53. ಕೊನೆಯ ಒಂದು ಇಂಚನ್ನ ಇನ್ನೂ ಸೇರಿಸಿಲ್ಲ! ಆ ಒಂದು ಇಂಚು ಇರೋದೇ ಚೈನು ಡಿರೇಲರ್‌ನ ಎರಡು ಗಾಲಿಗಳ ನಡುವೆ ಬಳಸಿ ಬರಲಿ ಅಂತ. ದೊಡ್ಡ ಫ್ರೀವೀಲ್ ಅದನ್ನೇ ತಿಂದುಹಾಕಿತ್ತು. ಮುಂದೆ ದೊಡ್ಡದು, ಹಿಂದೆ ದೊಡ್ಡದು ಆದ ಗಳಿಗೆಯಲ್ಲಿ ಚೈನಿಗೆ ಡಿರೇಲರ್ ಒಳಗೆ ಹಾಯೋಷ್ಟು ಉದ್ದವೇ ಇರಲಿಲ್ಲ. ಕಾಲಿನ ಬಲಕ್ಕೆ ಅದು ಡಿರೇಲರನ್ನ ಮುಂದಕ್ಕೆ ಎಳೆಯಿತು, ಬುಡದ ಹ್ಯಾಂಗರ್ ಬಾಗಿತು, ಚೌಕಟ್ಟು ಕಡ್ಡಿಗೆ ಸಿಕ್ಕಿತು.

ಹೊಸ ಚೈನು ಡಬ್ಬಿಯಲ್ಲಿ 116 ಕೊಂಡಿ ಬರುತ್ತೆ. ನಮಗೆ ಬೇಕಿದ್ದದ್ದು 54 ಇಂಚು, ಅಂದ್ರೆ 108. ಎಂಟು ಕೊಂಡಿ ತೆಗೆದೆವು. ಲೆಕ್ಕ ನೋಡಿ ಮೇಸ್ತ್ರಿ ತಲೆ ಆಡಿಸಿದರು, ಆದರೆ ನಂಬಲಿಲ್ಲ. ಅವರದು ಬೇರೆ ದಾರಿ: ಚೈನನ್ನ ಡಿರೇಲರ್ ಒಳಗೆ ತೂರಿಸದೆ ಮುಂದಿನ ಅತಿ ದೊಡ್ಡದರ ಮೇಲೆ, ಹಿಂದಿನ ಅತಿ ದೊಡ್ಡದರ ಮೇಲೆ ಸುತ್ತಿಸಿ, ತುದಿ ಎರಡೂ ಎಲ್ಲಿ ಸೇರುತ್ತೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದರ ಮೇಲೆ ಎರಡು ಕೊಂಡಿ ಬಿಟ್ಟು ಕತ್ತರಿಸೋದು. ಸುತ್ತಿಸಿ ಗುರುತು ಹಾಕಿ ಎಣಿಸಿದರು. 108. "ನಿಂದೂ ಸರಿ ಐತೆ ಬಿಡಪ್ಪ." ಲೆಕ್ಕ ಬೇಡ ಅನ್ನೋರಿಗೆ ಅವರ ದಾರಿಯೇ ಚೆನ್ನ. ಅನುಮಾನ ಇದ್ದರೆ ಎರಡು ಕೊಂಡಿ ಉದ್ದ ಇಟ್ಟುಕೊಳ್ಳಿ. ಟೈಲರ್ ಕತ್ತರಿಯ ಹಾಗೆ, ಉದ್ದವಾದದ್ದನ್ನ ಆಮೇಲೆ ಕತ್ತರಿಸಬಹುದು.

ತೀರ ಉದ್ದ ಆದರೂ ಚೆನ್ನಲ್ಲ. ಮುಂದೆ ಚಿಕ್ಕದು ಹಿಂದೆ ಚಿಕ್ಕದು ಹಾಕಿದಾಗ ಚೈನು ಜೋಲುತ್ತೆ, ಡಿರೇಲರ್ ಹಿಂದಕ್ಕೆ ಮಡಚಿಕೊಂಡು ತನ್ನ ಚೈನನ್ನೇ ಉಜ್ಜುತ್ತೆ, ಗುಂಡಿಯಲ್ಲಿ ಹಾರಿದರೆ ಚೈನು ಕಳಚುತ್ತೆ. ಕಿರಿಕಿರಿ, ಆದರೆ ಅಪಾಯ ಕಡಿಮೆ. ಚೈನು ಗಿಡ್ಡ ಆದದ್ದು ಮಾತ್ರ ಮೂಳೆ ಮುರಿಯುತ್ತೆ.

ಸೈಕಲ್ ಗೊತ್ತಿರೋರು ಕೆಲವರು ಇಲ್ಲಿ ಒಂದು ವಾದ ಹೂಡ್ತಾರೆ. "ಮುಂದೆ ದೊಡ್ಡದು ಹಿಂದೆ ದೊಡ್ಡದು ಯಾರೂ ಬಳಸಬಾರದು, ಚೈನು ಓರೆಯಾಗುತ್ತೆ. ಬಳಸದೇ ಇದ್ದರೆ ಗಿಡ್ಡ ಚೈನಾದರೂ ನಡೆಯುತ್ತೆ." ಮೊದಲರ್ಧ ನಿಜ. ಎರಡನೇ ಅರ್ಧ ನಾನು ಒಪ್ಪಲ್ಲ. ಆಷಾಢದ ಗಾಳಿಯಲ್ಲಿ, ಕಾಲೇಜಿಗೆ ತಡವಾದಾಗ, ಏರಿನ ನಡುವೆ ಉಸಿರು ಕಟ್ಟಿದಾಗ ಕೈ ತಾನಾಗೇ ಗೇರ್ ನೂಕುತ್ತೆ, ತಲೆಯನ್ನ ಕೇಳಿ ನೂಕಲ್ಲ. ಬಳಸದೇ ಇರೋ ಗೇರಿಗೂ ಚೈನು ಸಾಕಾಗೋ ಹಾಗೇ ಕತ್ತರಿಸಬೇಕು.

ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿ ಹುಡುಗನನ್ನ ಕೇಳಿದರು, "ಅಲ್ಲ ಮರಿ, ಏರಿನಾಗೆ ಮುಂದ್ಗಡೆ ಚಿಕ್ಕದಕ್ಕೆ ಯಾಕೆ ಇಳಿಸ್ಲಿಲ್ಲ?"

"ಅದು ಇಳಿಯಲ್ಲ ಅಜ್ಜಾ. ತಗೊಂಡಾಗಿಂದ ಇಳಿದೇ ಇಲ್ಲ."

ಎಡಗೈಯ ಗೇರ್ ಲಿವರ್ ಒತ್ತಿ ನೋಡಿದೆವು. ಕಲ್ಲು. ಕೇಬಲ್ ಕೊಳವೆಯೊಳಗೇ ತುಕ್ಕು ಹಿಡಿದು ಕೂತಿತ್ತು. ಆರು ತಿಂಗಳಿಂದ ಹುಡುಗ ಎಲ್ಲ ಏರನ್ನೂ ಮುಂದಿನ 42ರಲ್ಲೇ ಹತ್ತುತ್ತಿದ್ದ.

ನನಗೆ ನಿಜಕ್ಕೂ ಬೇಜಾರಾಗಿದ್ದು ಆಗ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಐದು ಸೆಂಟಿಮೀಟರ್ ಹೋಗುತ್ತೆ. ಮುಂದೆ 42, ಹಿಂದೆ 28 ಇದ್ದಾಗ ಪೆಡಲ್ ಒಂದು ಸುತ್ತಿಗೆ ಸೈಕಲ್ 3.1 ಮೀಟರ್ ಮುಂದೆ ಹೋಗಬೇಕು. ಏರಿನಲ್ಲಿ ಅದು ತುಂಬಾ ಭಾರ. ಹಿಂದೆ 34 ಹಾಕಿದರೆ 2.5 ಮೀಟರ್, ಸ್ವಲ್ಪ ಹಗುರ. ಆದರೆ ಹಿಂದಿನದನ್ನ ಮುಟ್ಟದೆ, ಮುಂದೆ 24ಕ್ಕೆ ಇಳಿಸಿದ್ದರೆ? 1.8 ಮೀಟರ್. ದೊಡ್ಡ ಫ್ರೀವೀಲ್ ಕೊಟ್ಟದ್ದಕ್ಕಿಂತ ಎಷ್ಟೋ ಹಗುರದ ಗೇರು ಮೊದಲಿನಿಂದಲೂ ಸೈಕಲ್‌ನಲ್ಲೇ ಇತ್ತು. ಬೇಕಿದ್ದದ್ದು ಒಂದು ಹೊಸ ಕೇಬಲ್. ಮುಂದೆ ಇಳಿದಿದ್ದರೆ ದೊಡ್ಡದಕ್ಕೆ ದೊಡ್ಡದು ಸೇರೋ ಪ್ರಸಂಗವೂ ಬರ್ತಿರಲಿಲ್ಲ.

ಹಾಗಾಗಿ ಏರು ಹತ್ತೋಕೆ ಆಗ್ತಿಲ್ಲ ಅನ್ನೋರು ಅಂಗಡಿಗೆ ಹೋಗೋ ಮುಂಚೆ ಸೈಕಲ್ ಹಿಂಬದಿ ಎತ್ತಿ ಹಿಡಿದು, ಪೆಡಲ್ ತಿರುಗಿಸುತ್ತಾ ಎಡಗೈಯ ಗೇರನ್ನ ಕೊನೆವರೆಗೂ ಇಳಿಸಿ ನೋಡಿ. ಚೈನು ಮುಂದಿನ ಅತಿ ಚಿಕ್ಕ ಬಿಲ್ಲೆಗೆ ಇಳಿಯುತ್ತಾ? ನಾನು ನೋಡಿದ ಹಳೇ ಗೇರ್ ಸೈಕಲ್‌ಗಳಲ್ಲಿ ಬಹಳಷ್ಟರಲ್ಲಿ ಇಳಿಯಲ್ಲ. ಇಳಿದೂ ಸಾಲದು ಅಂದ್ರೆ ಆಗ ದೊಡ್ಡದು ಹಾಕಿಸಿ, ಅದಕ್ಕೆ ಒಪ್ಪೋ ಡಿರೇಲರ್ ಮತ್ತು ಚೈನಿನ ಜೊತೆಗೇ. ಏಳು ಗೇರಿನ 14-34 ಫ್ರೀವೀಲ್‌ನಲ್ಲಿ ಇನ್ನೊಂದು ಗುಣ ಇದೆ: 14, 16, 18, 20, 22, 24 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಒಮ್ಮೆಲೇ 34ಕ್ಕೆ ಎಗರುತ್ತೆ. ಆ ಜಿಗಿತ ಕೆಲವರಿಗೆ ಹಿಡಿಸಲ್ಲ. ನಮ್ಮ ಹುಡುಗ ಅಭ್ಯಾಸ ಮಾಡಿಕೊಂಡ.

ಕೊಳ್ಳೋವಾಗ ಇನ್ನೆರಡು ವಿಷಯ. ಹಿಂದೆ ಆರು, ಏಳು, ಎಂಟು ಬಿಲ್ಲೆ ಇದ್ದರೆ ಒಂದೇ ಅಗಲದ ಚೈನು ಸಾಕು. ಒಂಬತ್ತು, ಹತ್ತು, ಹನ್ನೊಂದಕ್ಕೆ ಒಂದೊಂದಕ್ಕೂ ಬೇರೆ ಬೇರೆ, ತೆಳು. ಕರಿ ಸೈಕಲ್ ಚೈನು ದಪ್ಪ, ಗೇರ್ ಸೈಕಲ್‌ಗೆ ಹಾಕಿದರೆ ಪಕ್ಕದ ಬಿಲ್ಲೆಗೆ ತಾಗುತ್ತೆ. ಇನ್ನು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹತ್ತು ಗೇರಿನ ಎಂಟಿಬಿ ಡಿರೇಲರ್ ತರಿಸಿ ಏಳು ಗೇರಿನ ಲಿವರ್ ಜೊತೆ ಕಟ್ಟಬೇಡಿ. ಲಿವರ್ ಎಳೆಯೋ ಕೇಬಲ್‌ಗೂ ಅದು ಸರಿಯೋ ದೂರಕ್ಕೂ ಲೆಕ್ಕ ಹೊಂದಲ್ಲ, ಯಾವ ಗೇರೂ ಸರಿಯಾಗಿ ಕೂರಲ್ಲ.

ಹಳೇ ಚೈನಿನ ವಯಸ್ಸನ್ನೂ ನೋಡಿ. ನಮ್ಮ ಧೂಳಿಗೆ ಚೈನು ಬೇಗ ಸವೆಯುತ್ತೆ. ಸ್ಕೇಲ್ ಇಟ್ಟು 24 ಕೊಂಡಿ ಅಳೆಯಿರಿ, ಹೊಸದರಲ್ಲಿ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಾಯಿಸೋ ಕಾಲ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಫ್ರೀವೀಲ್ ಹಲ್ಲೂ ಸವೆದಿರುತ್ತೆ, ಹೊಸ ಚೈನು ಅದರ ಮೇಲೆ ಜಾರುತ್ತೆ.

ಭಾನುವಾರ ಸಾಯಂಕಾಲ ಸೈಕಲ್ ವಾಪಸ್ ಊರಿಗೆ ಹೋಯ್ತು. ಹೊಸ ಡಿರೇಲರ್, ಹೊಸ ಹ್ಯಾಂಗರ್ ಪ್ಲೇಟ್, ಮೂರು ಕಡ್ಡಿ, 108 ಕೊಂಡಿಯ ಚೈನು, ಎರಡು ಕೇಬಲ್. ಭಾವ ಅಂಗಳದಲ್ಲಿ ನಿಂತು ತಾವೇ ಎಲ್ಲ ಗೇರನ್ನೂ ಹಾಕಿ ಹಾಕಿ ನೋಡಿದರು. ದೊಡ್ಡದಕ್ಕೆ ದೊಡ್ಡದು ಹಾಕಿದಾಗ ಡಿರೇಲರ್‌ನಲ್ಲಿ ಇನ್ನೂ ಒಂದಿಷ್ಟು ಬಾಗು ಉಳಿದಿರೋದನ್ನ ಹುಡುಗ ತೋರಿಸಿದ. "ಹಂಗಾದ್ರೆ ಬೈಕ್ ಕೀ ಬ್ಯಾಡ್ವಾ?" ಅಂದ್ರು ಭಾವ. ಅಕ್ಕ ಒಳಗಿನಿಂದಲೇ "ಬ್ಯಾಡ" ಅಂದಳು.

ಹೋದ ವಾರ ಅವನ ಕ್ಲಾಸಿನ ಇಬ್ಬರು ತಮ್ಮ ಸೈಕಲ್ ತಂದು ಹಲ್ಲು ಎಣಿಸಿಕೊಂಡು ಹೋದರಂತೆ. ಒಬ್ಬನದು ಸರಿ ಇತ್ತು. ಇನ್ನೊಬ್ಬನದು ಎರಡು ಕೊಂಡಿ ಕಡಿಮೆ.